ಇಲಿ ಹೇಳದ್ದನ್ನು ಮನುಷ್ಯನ ಕಾಂಡಕೋಶ ಹೇಳಿತು

ಎಲ್ಲರಿಗೂ ನಮಸ್ಕಾರ.

ವಿಷ ಅಂದರೆ ಜೀವಕೋಶವನ್ನು ಕೊಲ್ಲುವಂಥದ್ದು ಅಂತ ನಾವು ಅಂದುಕೊಂಡಿರುತ್ತೇವೆ, ಅಲ್ವಾ? ಗರ್ಭದಲ್ಲಿ ಬೆಳೆಯುವ ಮಗುವಿಗೆ ಅಷ್ಟೆಲ್ಲ ಬೇಕಿಲ್ಲ. ಕೋಶ ಬದುಕಿದ್ದು, ಡಿಎನ್‌ಎಯಲ್ಲಿ ಒಂದಕ್ಷರವೂ ಬದಲಾಗದೆ, ಕೆಲಸ ಮಾಡಬೇಕಾದ ಜೀನ್ ಆ ಹೊತ್ತಿಗೆ ಸುಮ್ನೆ ಕೂತುಬಿಟ್ಟರೂ ಸಾಕು.

ಇದಕ್ಕೆ ನಮಗೆ ಚೆನ್ನಾಗಿ ಅರ್ಥವಾಗಿರುವ ಉದಾಹರಣೆ ಥಾಲಿಡೊಮೈಡ್. ಅದು ಗಾಳಿ, ನೀರಿನಿಂದ ಬಂದ ವಿಷವಲ್ಲ, ಮಾತ್ರೆ. ಜರ್ಮನಿಯಲ್ಲಿ 1957ರಲ್ಲಿ ನಿದ್ದೆಗೆಂದು ಮಾರಾಟಕ್ಕೆ ಬಂತು. ಬಸುರಿಯರು ವಾಂತಿ, ಸಂಕಟಕ್ಕೂ ತಗೊಂಡರು. 1961ರ ಕೊನೆಗೆ ಅಲ್ಲಿ ವಾಪಸ್ ಪಡೆಯುವಷ್ಟರಲ್ಲಿ ಎಷ್ಟೋ ದೇಶಗಳಿಗೆ ಹಬ್ಬಿತ್ತು. ಹತ್ತು ಸಾವಿರಕ್ಕೂ ಜಾಸ್ತಿ ಮಕ್ಕಳು ಕೈಕಾಲು ಸರಿಯಾಗಿ ಬೆಳೆಯದಂಥ ಊನಗಳೊಂದಿಗೆ ಹುಟ್ಟಿದರು. ಅಪಾಯವಿದ್ದದ್ದು ಗರ್ಭ ನಿಂತ ಸುಮಾರು 20ರಿಂದ 36ನೇ ದಿನದವರೆಗೆ. ಎಷ್ಟೋ ಹೆಂಗಸರಿಗೆ ತಾವು ಬಸುರಿ ಅಂತ ಗೊತ್ತಾಗುವುದೇ ಆ ದಿನಗಳಲ್ಲಿ.

ವಿಚಿತ್ರ ಏನೆಂದರೆ, ಬಸುರಿ ಇಲಿಗೆ ಇದೇ ಔಷಧಿ ಕೊಟ್ಟರೆ ಮರಿಗಳ ಕಾಲು ಸರಿಯಾಗಿಯೇ ಇರುತ್ತಿತ್ತು. ಕಾರಣ ಸಿಕ್ಕಲು ಅರ್ಧ ಶತಮಾನ ಹಿಡಿಯಿತು.

2010ರಲ್ಲಿ ಜಪಾನಿನ ವಿಜ್ಞಾನಿಗಳು ಥಾಲಿಡೊಮೈಡ್ ಹೋಗಿ ಅಂಟಿಕೊಳ್ಳುವ ಪ್ರೋಟೀನನ್ನು ಹಿಡಿದರು. ಅದರ ಹೆಸರು ಸೆರೆಬ್ಲಾನ್. ಕೋಶಕ್ಕೆ ಬೇಡವಾದ ಪ್ರೋಟೀನುಗಳ ಮೇಲೆ 'ಇದು ಕಸ' ಅಂತ ಚೀಟಿ ಅಂಟಿಸುವವರಲ್ಲಿ ಇದೂ ಒಂದು. ಚೀಟಿ ಬಿದ್ದ ಪ್ರೋಟೀನನ್ನು ಕೋಶ ಚೂರು ಮಾಡಿಬಿಡುತ್ತದೆ. ಔಷಧಿ ಅಂಟಿದ ಸೆರೆಬ್ಲಾನ್ ತಪ್ಪು ಪ್ರೋಟೀನುಗಳಿಗೂ ಚೀಟಿ ಹಚ್ಚತೊಡಗುತ್ತದೆ.

2018ರಲ್ಲಿ ಬಾಸ್ಟನ್ನಿನ ತಂಡವೊಂದು ಮನುಷ್ಯನ ಭ್ರೂಣದ ಕಾಂಡಕೋಶಗಳಿಗೆ, ಅಂದರೆ ಮುಂದೆ ದೇಹದ ಯಾವ ಥರದ ಕೋಶವಾಗಿಯೂ ಬೆಳೆಯಬಲ್ಲ ಕೋಶಗಳಿಗೆ, ಈ ಔಷಧಿ ಹಾಕಿ ನೋಡಿತು. ಎಸ್‌ಎಎಲ್‌ಎಲ್4 ಅನ್ನುವ ಪ್ರೋಟೀನ್ ಮಾಯವಾಗಿತ್ತು. ಡಿಎನ್‌ಎ ಮೇಲೆ ಕೂತು ಬೇರೆ ಜೀನುಗಳಿಂದ ಕೆಲಸ ಮಾಡಿಸುವ ಪ್ರೋಟೀನ್ ಅದು. ಹುಟ್ಟಿನಿಂದಲೇ ಇದರ ಜೀನ್ ಕೆಟ್ಟಿರುವ ಮಕ್ಕಳಲ್ಲೂ ಹೆಬ್ಬೆರಳು, ಮುಂಗೈಗೆ ಹೆಚ್ಚುಕಡಿಮೆ ಇದೇ ಥರದ ತೊಂದರೆ ಕಾಣುತ್ತದೆ. ಇಲಿಯ ಕಾಂಡಕೋಶದಲ್ಲಿ ಮಾತ್ರ ಆ ಪ್ರೋಟೀನಿಗೆ ಏನೂ ಆಗಲಿಲ್ಲ. ಇಲಿಯ ಸೆರೆಬ್ಲಾನಿನಲ್ಲೂ ಎಸ್‌ಎಎಲ್‌ಎಲ್4ನಲ್ಲೂ ಕೆಲವೇ ಅಮೈನೊ ಆಮ್ಲಗಳು, ಅಂದರೆ ಪ್ರೋಟೀನನ್ನು ಪೋಣಿಸಿರುವ ಮಣಿಗಳು, ಬೇರೆ. ಅಷ್ಟಕ್ಕೇ ಅವೆರಡೂ ಒಂದಕ್ಕೊಂದು ಕೂರುವುದಿಲ್ಲ.

ಹಾಗಂತ ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಕಾಂಡಕೋಶವನ್ನೇ ಪೂರ್ತಿ ನಂಬುವವನು ನಾನಲ್ಲ. ಆರ್ಸೆನಿಕ್ ನೋಡಿ. ರಾಯಚೂರು, ಯಾದಗಿರಿಯ ಕೆಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲೇ ಅದು ಸಿಕ್ಕಿದೆ. ಒಳಗೆ ಹೋದ ಆರ್ಸೆನಿಕ್‌ಗೆ ನಮ್ಮ ಯಕೃತ್ತು ಮೀಥೈಲ್ ಗುಂಪು ಅನ್ನುವ ಪುಟ್ಟ ರಾಸಾಯನಿಕ ತುಣುಕುಗಳನ್ನು ಸೇರಿಸಿ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಯಾವ ಜೀನ್ ಸುಮ್ಮನಿರಬೇಕು ಅಂತ ಡಿಎನ್‌ಎ ಮೇಲೆ ಗುರುತು ಹಾಕಲು ಬೇಕಾಗುವುದೂ ಅದೇ ಮೀಥೈಲ್. ಮೀಥೈಲ್ ಒದಗಿಸಲು ಬೇಕಾಗುವ ಫೋಲೇಟ್ ಅನ್ನುವ ವಿಟಮಿನ್ ತಾಯಿಯ ಊಟದಲ್ಲಿ ಎಷ್ಟಿದೆ ಅನ್ನುವುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ತಟ್ಟೆಯಲ್ಲಿ ಯಕೃತ್ತೂ ಇಲ್ಲ, ಊಟವೂ ಇಲ್ಲ. ಇಂಥ ವಿಷಗಳನ್ನು ಪರೀಕ್ಷೆ ಮಾಡುವಾಗ ಯಕೃತ್ತಿನ ಕೋಶಗಳನ್ನೂ ಜೊತೆಗಿಟ್ಟೇ ನೋಡಬೇಕು ಅನ್ನುವುದು ನನ್ನ ವಾದ. ಒಪ್ಪದವರು ಇದ್ದೀರಿ ಅಂತ ಗೊತ್ತು. ಬನ್ನಿ, ಪ್ರಶ್ನೆ ಕೇಳಿ.