ಬಿಸಿಯೂಟದ ಸಾಲು ಮತ್ತು ಸಮಾಜಶಾಸ್ತ್ರದ ಪಾಠ

ಕೇಳುಗರಿಗೆ ನಮಸ್ಕಾರ.

ಪದವಿಪೂರ್ವ ತರಗತಿಗಳಲ್ಲಿ ಸಮಾಜಶಾಸ್ತ್ರ ಓದುವ ಮಕ್ಕಳಿಗೆ ಸಂಸ್ಕೃತಿ ಮತ್ತು ಸಾಮಾಜೀಕರಣದ, ಅಂದರೆ ಸಮಾಜದ ರೀತಿನೀತಿಗಳನ್ನು ಕಲಿತು ತನ್ನದಾಗಿಸಿಕೊಳ್ಳುವುದರ, ಪಾಠಗಳು ಬಹಳ ಸುಲಭವೆನಿಸುತ್ತವೆ. ಜ್ಞಾನ, ನಂಬಿಕೆ, ಕಲೆ, ನೀತಿ, ಕಾನೂನು, ಸಂಪ್ರದಾಯ ಮೊದಲಾದವೆಲ್ಲ ಸೇರಿದ ಸಂಕೀರ್ಣ ಸಮಗ್ರತೆಯೇ ಸಂಸ್ಕೃತಿ ಎಂದು 1871ರಲ್ಲಿ ಇಂಗ್ಲೆಂಡಿನ ಮಾನವಶಾಸ್ತ್ರಜ್ಞ ಎಡ್ವರ್ಡ್ ಟೈಲರ್ ಹೇಳಿದ್ದನ್ನು ಅವರು ಉಸಿರು ಬಿಡದೆ ಒಪ್ಪಿಸುತ್ತಾರೆ, ಅಂಕವೂ ಸಿಗುತ್ತದೆ. ಆದರೆ ಇದೆಲ್ಲವೂ ಹುಟ್ಟಿನಿಂದ ಬಂದದ್ದಲ್ಲ, ಸಮಾಜದಲ್ಲಿ ಬಾಳುತ್ತ ಗಳಿಸಿಕೊಂಡದ್ದು ಎಂಬ ಆ ಮಾತಿನ ತಿರುಳು ಅವರಿಗೆ ತಟ್ಟಿರುವುದಿಲ್ಲ. ಇದು ಮಕ್ಕಳ ತಪ್ಪಲ್ಲ. ತೀರ ಎಳವೆಯಲ್ಲಿ ಕಲಿತದ್ದನ್ನು ಕಲಿತೆವೆಂಬ ನೆನಪೇ ಯಾರಿಗೂ ಉಳಿಯುವುದಿಲ್ಲ. ಅದು ಸ್ವಭಾವದಂತೆ, ಲೋಕದ ನಿಯಮದಂತೆ ತೋರುತ್ತದೆ. ಹಾಗೆ ತೋರುವುದನ್ನು ಮತ್ತೆ ಕಲಿಕೆಯಾಗಿ ಕಾಣಿಸುವುದು ಈ ಪಾಠ ಮಾಡುವವರ ಕೆಲಸ, ಮತ್ತು ಅದಕ್ಕೆ ಊಟದಷ್ಟು ಅನುಕೂಲವಾದ ವಿಷಯ ಇನ್ನೊಂದಿಲ್ಲ ಎಂಬುದು ನನ್ನ ಅನುಭವ.

ರಾಗಿಮುದ್ದೆಯನ್ನೇ ತೆಗೆದುಕೊಳ್ಳೋಣ. ಮಂಡ್ಯ, ಹಾಸನ, ಕೋಲಾರದ ಕಡೆಯ ಮಗು ಮುದ್ದೆಯನ್ನು ಬೆರಳಿನಿಂದ ಮುರಿದು, ತುತ್ತನ್ನು ಉರುಟು ಮಾಡಿ, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುತ್ತದೆ. ಅಗಿಯಬಾರದು ಎಂದು ಅದಕ್ಕೆ ಯಾರೂ ಕೂರಿಸಿ ಬೋಧಿಸಿರುವುದಿಲ್ಲ. ಅಜ್ಜಿಯ ತೊಡೆಯ ಮೇಲೆ ಕುಳಿತು, ಅವಳು ಬಾಯಿಗಿಟ್ಟ ಸಣ್ಣ ತುತ್ತುಗಳನ್ನು ನುಂಗುತ್ತ, ಒಮ್ಮೊಮ್ಮೆ ಉಗುಳುತ್ತ ಅದು ಆ ವಿದ್ಯೆಯನ್ನು ಗಂಟಲಿನಿಂದಲೇ ಕಲಿತಿದೆ. ಜೋಳದ ರೊಟ್ಟಿ ತಿಂದು ಬೆಳೆದ ಕಲಬುರಗಿಯ ಹುಡುಗ ಹಾಸ್ಟೆಲಿನಲ್ಲಿ ಮೊದಲ ಸಲ ಮುದ್ದೆಯ ಮುಂದೆ ಕುಳಿತಾಗ ಪಡುವ ಪಾಡನ್ನು ನೋಡಿದರೆ, ಹಸಿವು ದೇಹದ್ದು, ಊಟ ಸಮಾಜದ್ದು ಎಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಸಂಸ್ಕೃತಿಯೆಂದರೆ ತಿಂಡಿ, ಉಡುಗೆ, ಹಬ್ಬಗಳ ಸೊಗಸಾದ ವೈವಿಧ್ಯ ಎಂಬ ಭಾವನೆ ಉಳಿದುಬಿಡುತ್ತದೆ. ನಮ್ಮ ಶಾಲಾ ವಾರ್ಷಿಕೋತ್ಸವಗಳು ಇಂದಿಗೂ ಸಂಸ್ಕೃತಿಯನ್ನು ಇಷ್ಟರಲ್ಲೇ ಮುಗಿಸುತ್ತಿವೆ. ಆದರೆ ಅದೇ ಮಗು ಅದೇ ವಯಸ್ಸಿನಲ್ಲಿ, ಅದೇ ಅಡುಗೆಮನೆಯಲ್ಲಿ, ಯಾರ ಮನೆಯ ನೀರು ಕುಡಿಯಬಹುದು, ಯಾರಿಗೆ ಹೊರಗಿನ ಜಗಲಿಯಲ್ಲೇ ಬಡಿಸಬೇಕು, ಮನೆಯ ಗಂಡಸರೆಲ್ಲ ಉಂಡೆದ್ದ ಮೇಲೆ ಅಮ್ಮ ಯಾವಾಗ ಉಣ್ಣುತ್ತಾಳೆ ಎಂಬುದನ್ನೂ ಕಲಿಯುತ್ತದೆ. ಮೈಸೂರಿನಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಅಲ್ಲಿಗೆ ಸಮೀಪದ ಒಂದು ಹಳ್ಳಿಯಲ್ಲಿ ನೆಲೆಸಿ, ಅದಕ್ಕೆ ರಾಂಪುರ ಎಂಬ ಹೆಸರು ಕೊಟ್ಟು ಅಧ್ಯಯನ ಮಾಡಿದಾಗ, ಜಾತಿಗಳ ಮೇಲುಕೀಳಿನ ಲೆಕ್ಕವನ್ನು ಯಾರು ಯಾರ ಕೈಯ ಅನ್ನ ನೀರು ಮುಟ್ಟುತ್ತಾರೆ ಎಂಬುದರ ಮೂಲಕವೂ ಗುರುತಿಸಿದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸಿಕ್ಕಿ ಅವರ ಟಿಪ್ಪಣಿಗಳು ಸುಟ್ಟುಹೋದವು. ಆಮೇಲೆ ಆ ಹಳ್ಳಿಯನ್ನು ಬಹುಮಟ್ಟಿಗೆ ನೆನಪಿನಿಂದಲೇ ಬರೆದರು ಎಂಬುದನ್ನು ನಾನು ತರಗತಿಯಲ್ಲಿ ತಪ್ಪದೆ ಹೇಳುತ್ತೇನೆ. ನೋಟ್ಸ್ ಇಲ್ಲದಿದ್ದರೆ ಪಾಠವೇ ಇಲ್ಲ ಎಂದುಕೊಂಡಿರುವ ಮಕ್ಕಳಿಗೆ ಅದು ಸ್ವಲ್ಪ ದಿಗಿಲು ಹುಟ್ಟಿಸುತ್ತದೆ.

ಮನೆ ಕಲಿಸಿದ್ದಕ್ಕೆ ಎದುರಾಗಿ ನಿಲ್ಲುವ ಇನ್ನೊಂದು ಪಂಕ್ತಿ ನಮ್ಮ ಸರ್ಕಾರಿ ಶಾಲೆಗಳಲ್ಲಿದೆ. ಶಾಲೆಯ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶ ನೀಡಿತು; 2002ರಲ್ಲಿ ಕರ್ನಾಟಕದ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹ ಎಂಬ ಬಿಸಿಯೂಟದ ಯೋಜನೆ ಕ್ರಮೇಣ ರಾಜ್ಯದ ಎಲ್ಲೆಡೆಗೂ ಹಬ್ಬಿತು. ಯೋಜನೆಯ ಉದ್ದೇಶ ಹಸಿವು ನೀಗಿಸುವುದು ಮತ್ತು ಮಕ್ಕಳನ್ನು ಶಾಲೆಯಲ್ಲಿ ಉಳಿಸುವುದು. ಆದರೆ ಸಮಾಜಶಾಸ್ತ್ರದ ಕಣ್ಣಿಗೆ ಕಾಣುವುದು ಜಗಲಿಯ ಉದ್ದಕ್ಕೂ ತಟ್ಟೆ ಹಿಡಿದು, ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತ ಮಕ್ಕಳ ಸಾಲು. ಹನ್ನೆರಡನೆಯ ಶತಮಾನದ ಶರಣರಿಂದ ಬಂದ ದಾಸೋಹದ ಆದರ್ಶ ಇಲ್ಲಿ ಇಲಾಖೆಯ ಸುತ್ತೋಲೆಯಾಗಿ, ಅಕ್ಕಿಯ ಮೂಟೆಯಾಗಿ, ಸೌಟಾಗಿ ಬಂದಿದೆ. ಮನೆಯಲ್ಲಿ ಒಂದು ನಿಯಮ ಕಲಿತ ಕೈ ಇಲ್ಲಿ ಇನ್ನೊಂದು ನಿಯಮ ಕಲಿಯುತ್ತದೆ.

ಈ ಎರಡು ಕಲಿಕೆಗಳು ಡಿಕ್ಕಿ ಹೊಡೆಯುವುದೂ ಉಂಟು. ಅಡುಗೆಯಾಕೆ ದಲಿತ ಮಹಿಳೆ ಎಂಬ ಕಾರಣಕ್ಕೆ ಪೋಷಕರು ಮಕ್ಕಳನ್ನು ಊಟಕ್ಕೆ ಬಿಡದಿರುವ ಸುದ್ದಿಗಳು ಪತ್ರಿಕೆಗಳಲ್ಲಿ ಆಗಾಗ ಬಂದಿವೆ. ಅಂಥ ಸುದ್ದಿಯನ್ನು ತರಗತಿಗೆ ತಂದಾಗ ಖಂಡನೆಯ ಭಾಷಣ ಮಾಡುವುದು ಸುಲಭ, ಮಕ್ಕಳೂ ತಲೆಯಾಡಿಸುತ್ತಾರೆ. ನಾನು ಮೊದಲು ಕೇಳುವುದು ಬೇರೆಯೇ ಪ್ರಶ್ನೆ: ಆರು ವರ್ಷದ ಮಗುವಿಗೆ ಆ ತಟ್ಟೆಯನ್ನು ಮುಟ್ಟಬಾರದು ಎಂಬುದು ಗೊತ್ತಾದದ್ದು ಹೇಗೆ? ಯಾರು ಹೇಳಿದರು, ಯಾವ ದನಿಯಲ್ಲಿ, ಏನು ಮಾಡಿದಾಗ ಗದರಿದರು? ಅಸಹ್ಯ ಎಂಬ ಭಾವನೆಯೂ ಕಲಿಸಿಕೊಟ್ಟದ್ದು ಎಂಬ ಅರಿವು ಈ ಪ್ರಶ್ನೆಗಳ ಬೆನ್ನಲ್ಲೇ ಬರುತ್ತದೆ. ಅದು ಬಂದ ಮೇಲೆ ಖಂಡನೆ ತಾನಾಗಿಯೇ ಬರುತ್ತದೆ, ಹೆಚ್ಚು ಗಟ್ಟಿಯಾಗಿಯೂ ಇರುತ್ತದೆ.

ಇದಕ್ಕಿಂತ ಕಠಿಣವಾದದ್ದು ಮೊಟ್ಟೆಯ ಪ್ರಶ್ನೆ. 2021ರಲ್ಲಿ ರಾಜ್ಯದ ಕೆಲವು ಜಿಲ್ಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು, ಅನೇಕ ಮಕ್ಕಳು ಮತ್ತು ಪೋಷಕರು ಬೇಕೆಂದು ಪಟ್ಟು ಹಿಡಿದರು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುವ ವ್ಯವಸ್ಥೆಯಾಯಿತು. ಹಾಗಾದರೆ ಒಂದೇ ಸಾಲಿನಲ್ಲಿ ಒಬ್ಬನ ಕೈಯಲ್ಲಿ ಮೊಟ್ಟೆ, ಪಕ್ಕದವನ ಕೈಯಲ್ಲಿ ಬಾಳೆಹಣ್ಣು ಇರುವುದು ಪಂಕ್ತಿಭೇದವೇ? ತರಗತಿ ಇಲ್ಲಿ ಎರಡಾಗಿ ಒಡೆಯುತ್ತದೆ. ನನ್ನ ಅಭಿಪ್ರಾಯದಲ್ಲಿ ಅದು ಭೇದವಲ್ಲ, ಏಕೆಂದರೆ ಪಂಕ್ತಿಭೇದದ ಕೇಡು ಇರುವುದು ಬೇರೆ ಬೇರೆ ತಿನ್ನುವುದರಲ್ಲಲ್ಲ, ಬೇರೆ ಕೂರಿಸುವುದರಲ್ಲಿ ಮತ್ತು ಒಬ್ಬರ ಆಹಾರವನ್ನು ಹೀನವೆನ್ನುವುದರಲ್ಲಿ. ಸಾಲು ಒಂದೇ ಆಗಿರುವವರೆಗೆ ತಟ್ಟೆಗಳು ಬೇರೆಯಿರಬಹುದು. ಆದರೂ ಮೊಟ್ಟೆ ತಿನ್ನುವ ಮಕ್ಕಳನ್ನು ಪ್ರತ್ಯೇಕ ಸಾಲಿನಲ್ಲಿ ಕೂರಿಸೋಣ ಎಂಬ ಸಲಹೆ ಯಾರಿಂದಲಾದರೂ ಬಂದೇ ಬರುತ್ತದೆ. ಸಾಮಾಜೀಕರಣ ಎಷ್ಟು ಆಳಕ್ಕಿಳಿದಿರುತ್ತದೆ ಎಂಬುದಕ್ಕೆ ಆ ಸಲಹೆಯೇ ಪಾಠದ ಸಾಮಗ್ರಿ.

ಅಧ್ಯಾಪಕ ಮಿತ್ರರಿಗೆ ಒಂದು ಎಚ್ಚರಿಕೆಯ ಮಾತು. ನಿಮ್ಮ ಮನೆಯ ಆಚಾರಗಳನ್ನು ಬರೆದು ತಂದು ಓದಿ ಎಂಬ ಅಭ್ಯಾಸ ಮೇಲ್ನೋಟಕ್ಕೆ ನಿರಪಾಯವೆನಿಸುತ್ತದೆ, ಆದರೆ ಅದು ಎಲ್ಲರೆದುರು ಜಾತಿ ಹೇಳಿಸುವ ಉಪಾಯವಾಗಿಬಿಡುತ್ತದೆ. ಕೆಲವರು ಹೆಮ್ಮೆಯಿಂದ ಓದುತ್ತಾರೆ, ಕೆಲವರು ಅಂದು ಗೈರುಹಾಜರಾಗುತ್ತಾರೆ. ಮನೆಗಿಂತ ಎಲ್ಲರಿಗೂ ಸೇರಿದ ಸ್ಥಳಗಳನ್ನು ನೋಡಲು ಕಳಿಸುವುದು ಮೇಲು. ಮದುವೆಯ ಛತ್ರದಲ್ಲಿ ಮೊದಲ ಪಂಕ್ತಿಗೆ ಯಾರನ್ನು ಕರೆಯುತ್ತಾರೆ, ಎಂಜಲೆಲೆ ಎತ್ತುವವರು ಯಾರು, ಅವರು ಎಷ್ಟು ಹೊತ್ತಿಗೆ ಎಲ್ಲಿ ಕುಳಿತು ಉಣ್ಣುತ್ತಾರೆ ಎಂಬುದನ್ನು ಯಾವ ಮಗುವಾದರೂ ನೋಡಿ ಬರೆಯಬಹುದು. 2023–24ರಿಂದ ಪದವಿಪೂರ್ವ ತರಗತಿಗಳಲ್ಲಿ ಪ್ರಯೋಗವಿಲ್ಲದ ವಿಷಯಗಳಿಗೂ 20 ಅಂಕಗಳ ಆಂತರಿಕ ಮೌಲ್ಯಮಾಪನವಿದೆ. ಅದರ ಪ್ರಾಜೆಕ್ಟನ್ನು ಅಂತರ್ಜಾಲದಿಂದ ಇಳಿಸಿ, ಬಣ್ಣದ ಹೊದಿಕೆ ಹಾಕಿ ತಂದುಕೊಡುವ ರೂಢಿ ಬೆಳೆಯುತ್ತಿದೆ. ಅದರ ಬದಲು ಛತ್ರದಲ್ಲಿಯೋ ಹೋಟೆಲಿನಲ್ಲಿಯೋ ಕಣ್ಣಾರೆ ಕಂಡು ಬರೆದ ಎರಡು ಪುಟ ಸಾಕು ಎಂದು ನಾವು ಹೇಳಬಹುದು. ಹಾಗೆ ಹೇಳಲು ಇಲಾಖೆಯ ಅಪ್ಪಣೆಯೇನೂ ಬೇಕಾಗಿಲ್ಲ.

ನಮಸ್ಕಾರ.