ಮಂಜುಗಡ್ಡೆಯ ಮೇಲೆ ಮರದ ಅಂಗಳ

ಕೇಳುಗರಿಗೆ ನಮಸ್ಕಾರ.

ಲಾಸ್ ಏಂಜಲೀಸ್ ನಗರದ ನಟ್ಟನಡುವೆ ಒಂದು ಒಳಾಂಗಣ ಕ್ರೀಡಾಂಗಣವಿದೆ. 1999ರಲ್ಲಿ ಬಾಗಿಲು ತೆರೆದಾಗ ಅದರ ಹೆಸರು ಸ್ಟೇಪಲ್ಸ್ ಸೆಂಟರ್. 2021ರ ಕ್ರಿಸ್‌ಮಸ್ ದಿನದಿಂದ ಕ್ರಿಪ್ಟೊ ಡಾಟ್ ಕಾಮ್ ಅರೇನಾ. ಬ್ಯಾಸ್ಕೆಟ್‌ಬಾಲ್‌ನ ಲೇಕರ್ಸ್, ಮಹಿಳೆಯರ ತಂಡ ಸ್ಪಾರ್ಕ್ಸ್, ಐಸ್ ಹಾಕಿಯ ಕಿಂಗ್ಸ್, ಮೂರಕ್ಕೂ ಇದೇ ತವರು. ಕ್ಲಿಪ್ಪರ್ಸ್ ಎಂಬ ನಾಲ್ಕನೆಯ ತಂಡವೂ ಇಲ್ಲೇ ಇತ್ತು. 2024ರಲ್ಲಿ ಇಂಗಲ್‌ವುಡ್‌ನ ತನ್ನದೇ ಅಂಗಣಕ್ಕೆ ಹೋಯಿತು.

ಈ ರಾತ್ರಿ ಐಸ್ ಹಾಕಿ, ನಾಳೆ ಬ್ಯಾಸ್ಕೆಟ್‌ಬಾಲ್. ಹಾಗಾದರೆ ಮಂಜುಗಡ್ಡೆ ಎಲ್ಲಿ ಹೋಗುತ್ತದೆ? ಎಲ್ಲಿಗೂ ಹೋಗುವುದಿಲ್ಲ. ಕರಗಿಸಿ ಮತ್ತೆ ಪದರ ಪದರವಾಗಿ ಕಟ್ಟುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಕಾಂಕ್ರೀಟಿನೊಳಗಿನ ಕೊಳವೆಗಳಲ್ಲಿ ಶೀತದ್ರವ ಹರಿಯುತ್ತಲೇ ಇರುತ್ತದೆ. ಒಂದು ಇಂಚಿಗಿಂತ ತುಸು ದಪ್ಪದ ಗಡ್ಡೆ ಹೆಚ್ಚುಕಡಿಮೆ ಮೈನಸ್ 5 ಡಿಗ್ರಿಯಲ್ಲಿ ಹಾಗೇ ಮಲಗಿರುತ್ತದೆ.

ಹಾಕಿ ಪಂದ್ಯ ಮುಗಿದು ಜನ ಹೊರಬೀಳುತ್ತಿದ್ದಂತೆ ಗೋಲುಕಂಬ ಕೀಳುತ್ತಾರೆ, ಸುತ್ತಲಿನ ಗಾಜಿನ ಫಲಕ ಬಿಚ್ಚುತ್ತಾರೆ. ಗಡ್ಡೆಯ ಮೇಲೆ ಶಾಖ ತಡೆಯುವ ಹಲಗೆಗಳನ್ನು ಒಂದಕ್ಕೊಂದು ಒತ್ತಿ ಹಾಸುತ್ತಾರೆ. ಅದರ ಮೇಲೆ ಮೇಪಲ್ ಮರದ ಅಂಗಳ. ತುಂಡುಗಳಿಗೆ ಸಂಖ್ಯೆ ಇರುತ್ತದೆ, ಸರದಿ ತಪ್ಪಿದರೆ ಬಣ್ಣದ ಗೆರೆ ಕೂಡುವುದಿಲ್ಲ. ಆಟದ ಜಾಗ 94 ಅಡಿ ಉದ್ದ, 50 ಅಡಿ ಅಗಲ. ಹಾಕಿಯದ್ದು 200ಕ್ಕೆ 85. ಉಳಿದ ಜಾಗಕ್ಕೆ ಕುರ್ಚಿ ಬರುತ್ತವೆ. ಆದ್ದರಿಂದಲೇ ಬ್ಯಾಸ್ಕೆಟ್‌ಬಾಲ್‌ಗೆ ಸುಮಾರು 19,000 ಜನ ಹಿಡಿದರೆ ಹಾಕಿಗೆ 18,000 ಚಿಲ್ಲರೆ. ಕೊನೆಗೆ ಗಾಲಿಯ ಮೇಲೆ ಬಂದ ಬುಟ್ಟಿಯ ಕಂಬ ನಿಲ್ಲಿಸಿ, ಬಳೆ ನೆಲದಿಂದ ಸರಿಯಾಗಿ 10 ಅಡಿ ಇದೆಯೇ ಎಂದು ಅಳೆಯುತ್ತಾರೆ.

ಇಲ್ಲಿ ಎಲ್ಲರೂ ಹೆದರುವುದು ತೇವಕ್ಕೆ. ತಣ್ಣೀರಿನ ಚೊಂಬು ಸೆಕೆಯಲ್ಲಿಟ್ಟರೆ ಮೈತುಂಬ ಹನಿ ಕೂರುತ್ತದಲ್ಲ, ಹಾಗೆಯೇ. ತಳಹಲಗೆಗಳ ನಡುವೆ ಬಿರುಕು ಬಿಟ್ಟರೆ ಅಲ್ಲಿಂದ ಚಳಿ ಮೇಲೇರಿ ಮರ ತಣ್ಣಗಾಗುತ್ತದೆ. ಸಾಮಾನು ಸಾಗಿಸುವ ದೊಡ್ಡ ಬಾಗಿಲು ತೆರೆದೇ ಬಿಟ್ಟರೆ ಹೊರಗಿನ ಹಸಿಗಾಳಿ ನುಗ್ಗಿ ನೆಲ ಬೆವರುತ್ತದೆ. ಆಮೇಲೆ ಎಷ್ಟು ಒರೆಸಿದರೂ ಅಷ್ಟೇ. ಗಾಳಿಯ ತೇವ ಇಳಿಯುವವರೆಗೆ ಹನಿ ಮತ್ತೆ ಕೂರುತ್ತದೆ. 2016ರ ನವೆಂಬರ್ 30ರಂದು ಫಿಲಡೆಲ್ಫಿಯಾದಲ್ಲಿ ಹೀಗೇ ಅಂಗಳ ಜಾರತೊಡಗಿ, ಪ್ರೇಕ್ಷಕರು ಬಂದು ಕುಳಿತ ಮೇಲೆ ಪಂದ್ಯ ಮುಂದೂಡಬೇಕಾಯಿತು. ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಕಬಡ್ಡಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಗಳಕ್ಕೆ ಮ್ಯಾಟ್ ಹಾಸುವವರಿಗೆ ಈ ತಲೆನೋವಿಲ್ಲ, ಪುಣ್ಯವಂತರು.

ಮತ್ತೆ ಹಾಕಿಯ ಸರದಿ ಬಂದಾಗ ಎಲ್ಲ ಎತ್ತಿ, ಗಡ್ಡೆಯ ಮೇಲಿನ ದೂಳು ಗುಡಿಸುತ್ತಾರೆ. ಆಮೇಲೆ ಜಂಬೋನಿ ಗಾಡಿ. ಅದರ ಅಲಗು ಮೇಲ್ಪದರ ಹೆರೆಯುತ್ತದೆ, ಹಿಂದಿನ ಬಟ್ಟೆ ನೀರು ಸವರುತ್ತದೆ. ಬಿಸಿನೀರು, ಸುಮಾರು 60 ಡಿಗ್ರಿ! ಬಿಸಿನೀರಿನಲ್ಲಿ ಕರಗಿದ ಗಾಳಿ ಕಡಿಮೆ. ಹಳೆಯ ಪದರವನ್ನು ಚೂರು ಕರಗಿಸಿ ಅದರೊಂದಿಗೇ ಬೆಸೆದುಕೊಳ್ಳುತ್ತದೆ. ತಣ್ಣೀರು ಹಾಗೆ ಕಚ್ಚುವುದಿಲ್ಲ.

ಈ ಕೆಲಸಗಾರರಿಗೆ ನಿಜವಾದ ಪರೀಕ್ಷೆ ಒದಗಿದ್ದು 2012ರ ಮೇ ತಿಂಗಳಲ್ಲಿ. ಲೇಕರ್ಸ್, ಕ್ಲಿಪ್ಪರ್ಸ್, ಕಿಂಗ್ಸ್ ಮೂರೂ ಪ್ಲೇಆಫ್, ಅಂದರೆ ಪ್ರಶಸ್ತಿಗಾಗಿ ನಡೆಯುವ ಕೊನೆಯ ಸುತ್ತುಗಳನ್ನು ತಲುಪಿದ್ದವು. 17ರಿಂದ 20ರವರೆಗೆ 4 ದಿನದಲ್ಲಿ 6 ಪಂದ್ಯ. ಶನಿವಾರ ಮಧ್ಯಾಹ್ನ ಕ್ಲಿಪ್ಪರ್ಸ್, ರಾತ್ರಿ ಲೇಕರ್ಸ್. ಎರಡೂ ಬ್ಯಾಸ್ಕೆಟ್‌ಬಾಲೇ ಆದರೂ ಅಂಗಳ ಅವರವರದ್ದೇ ಆಗಬೇಕು. ಅದನ್ನೆಲ್ಲ ಕಿತ್ತು ಭಾನುವಾರ ಮಧ್ಯಾಹ್ನ ಕಿಂಗ್ಸ್‌ಗೆ ಗಡ್ಡೆ, ಅದೇ ರಾತ್ರಿ ಕ್ಲಿಪ್ಪರ್ಸ್‌ಗೆ ಪುನಃ ಮರ. ಸಾಲದ್ದಕ್ಕೆ ಅಂದೇ ಹೊರಗಿನ ರಸ್ತೆಯಲ್ಲಿ ಕ್ಯಾಲಿಫೋರ್ನಿಯಾ ಸೈಕಲ್ ಪಂದ್ಯದ ಕೊನೆಯ ಹಂತ.

ಆ ಭಾನುವಾರ ಕಿಂಗ್ಸ್ ಸೋತಿತು. ಜೂನ್ 11ರಂದು ಅದೇ ಅಂಗಣದಲ್ಲಿ ಐಸ್ ಹಾಕಿ ಲೀಗಿನ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಅನ್ನು ಮೊಟ್ಟಮೊದಲ ಬಾರಿಗೆ ಎತ್ತಿತು.