ನಿಂತ ಎಂಜಿನ್ನಿನ ಬಿಸಿ ಆರುವ ಮೊದಲು

ಕೇಳುಗರಿಗೆ ನಮಸ್ಕಾರ.

ಹಳೆಯ ಸೇನಾ ಟ್ರಕ್ಕುಗಳನ್ನು ಇಟ್ಟುಕೊಂಡವರು ನನ್ನ ಬಳಿ ತರುವ ದೂರುಗಳಲ್ಲಿ ತೀರಾ ತಲೆ ತಿನ್ನುವುದು ಒಂದಿದೆ. ತಣ್ಣಗಿದ್ದಾಗ ಗಾಡಿ ಚೆನ್ನಾಗಿ ಓಡುತ್ತದೆ, ಇಪ್ಪತ್ತು ನಿಮಿಷ ಕಳೆದರೆ ಕೆಮ್ಮಿ ನಿಲ್ಲುತ್ತದೆ, ಅರ್ಧ ಗಂಟೆ ಸುಮ್ಮನೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ನಮ್ಮ ಮುಂದೆ ಬಂದು ನಿಂತಾಗ ಮಾತ್ರ ಅದಕ್ಕೆ ಯಾವ ಕಾಯಿಲೆಯೂ ಇರುವುದಿಲ್ಲ. ವೈದ್ಯರ ಮನೆ ಬಾಗಿಲಲ್ಲಿ ಹಲ್ಲುನೋವು ಮಾಯವಾಗುವುದಿಲ್ಲವೇ, ಹಾಗೆ.

ಒಮ್ಮೆ ಪರಿಚಿತರೊಬ್ಬರು ಇದೇ ದೂರಿನೊಂದಿಗೆ ಎರಡನೇ ಮಹಾಯುದ್ಧದ ಕಾಲದ ಜಿಎಂಸಿ ಸಿಸಿಕೆಡಬ್ಲ್ಯು ಟ್ರಕ್ಕನ್ನು ತಂದರು. 1941ರಿಂದ 1945ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾದ, ಎರಡೂವರೆ ಟನ್ನಿನ, ಮೂರೂ ಅಚ್ಚುಗಳಿಗೆ ಎಂಜಿನ್ನಿನ ಬಲ ಹೋಗುವ ಗಾಡಿ ಅದು. ಆರು ಸಿಲಿಂಡರ್, ಸುಮಾರು 4.4 ಲೀಟರ್, ಪೆಟ್ರೋಲ್ ಎಂಜಿನ್. 1944ರ ಆಗಸ್ಟ್ 25ರಿಂದ ನವೆಂಬರ್ 16ರವರೆಗೆ ಫ್ರಾನ್ಸಿನಲ್ಲಿ ನಡೆದ ಅಮೆರಿಕದ ಸೇನೆಯ ‘ರೆಡ್ ಬಾಲ್ ಎಕ್ಸ್‌ಪ್ರೆಸ್’ ಎಂಬ ಸರಕು ಸಾಗಣೆಯಲ್ಲಿ ಇಂಥ ಟ್ರಕ್ಕುಗಳೇ ಹಗಲುರಾತ್ರಿ ಓಡಿದವು. ಚಾಲಕರಲ್ಲಿ ಬಹುಪಾಲು ಕಪ್ಪು ಅಮೆರಿಕನ್ ಸೈನಿಕರು. ವೇಗಕ್ಕೆ ಕಡಿವಾಣ ಹಾಕುವ ಗವರ್ನರನ್ನು ಕೆಲವರು ನಿಷ್ಕ್ರಿಯಗೊಳಿಸಿ ಓಡಿಸುತ್ತಿದ್ದರು. ಆಗ ಗಾಡಿಗಳು ಕೆಡುತ್ತಿದ್ದುದು ದುಡಿದು ದುಡಿದು. ಈಗ ಕೆಡುವುದು ನಿಂತು ನಿಂತು, ಅಥವಾ ನಮ್ಮ ಅತಿಯಾದ ಪ್ರೀತಿಯಿಂದ.

ಪ್ರೀತಿ ಎಂದೆನಲ್ಲ, ಅವರು ಆಗಲೇ ಕಿಡಿ ಹಾರಿಸುವ ಪ್ಲಗ್ಗುಗಳನ್ನೂ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರನ್ನೂ ಪೆಟ್ರೋಲ್ ಪಂಪನ್ನೂ ಬದಲಿಸಿದ್ದರು. ಗಾಡಿಗೆ ಹೊಸ ಆಲಿವ್ ಹಸಿರು ಬಣ್ಣವನ್ನೂ ಬಳಿಸಿದ್ದರು. ಒಂದೊಂದೇ ಭಾಗ ಬದಲಿಸಿ ನೋಡುವುದು ನನಗೆ ಹಿಡಿಸದ ಅಭ್ಯಾಸ. ರೋಗ ಹೋದರೂ ಯಾವುದರಿಂದ ಹೋಯಿತೆಂದು ತಿಳಿಯುವುದಿಲ್ಲ. ಹೊಸದಾಗಿ ಹಾಕಿದ ಭಾಗವೇ ಕೆಟ್ಟಿದ್ದರಂತೂ ಅದರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ನಾನು ಹೇಳಿದ್ದು ಇಷ್ಟೇ: ಗಾಡಿ ನಿಲ್ಲುವವರೆಗೆ ಓಡಿಸೋಣ, ನಿಂತ ಕ್ಷಣವೇ ಕೆಳಗಿಳಿಯೋಣ. ಬಿಸಿ ಆರಿತೆಂದರೆ ಸಾಕ್ಷಿಯೂ ಆರಿಹೋಗುತ್ತದೆ.

ಹದಿನೆಂಟನೆಯ ನಿಮಿಷಕ್ಕೆ ಎಂಜಿನ್ ತಡವರಿಸತೊಡಗಿತು. ಈ ಸದ್ದನ್ನು ಗಮನವಿಟ್ಟು ಕೇಳಬೇಕು. ಪೆಟ್ರೋಲ್ ಸಾಲದಿದ್ದರೆ ಎಂಜಿನ್ ಸಾಮಾನ್ಯವಾಗಿ ಉಸಿರು ಕಟ್ಟಿದಂತೆ ನಿಧಾನವಾಗಿ ಸೋಲುತ್ತದೆ. ಕಿಡಿ ತಪ್ಪಿದರೆ ನಡುನಡುವೆ ಮುಗ್ಗರಿಸುತ್ತದೆ. ಉರಿಯದೆ ಉಳಿದ ಪೆಟ್ರೋಲು ಸೈಲೆನ್ಸರಿನಲ್ಲಿ ಹೊತ್ತಿ ‘ಢಬ್’ ಎನ್ನುವುದೂ ಉಂಟು. ಅಂದು ಕೇಳಿಸಿದ್ದು ಆ ಢಬ್.

ಮೊದಲು ಕಿಡಿಯನ್ನೇ ನೋಡಬೇಕು, ಪೆಟ್ರೋಲನ್ನು ಆಮೇಲೆ. ಚೆಲ್ಲಿದ ಪೆಟ್ರೋಲಿನ ಪಕ್ಕದಲ್ಲಿ ಕಿಡಿ ಹಾರಿಸಬಾರದು, ಆದ್ದರಿಂದ ಈ ಕ್ರಮ. ಕಿಡಿಯ ಕರೆಂಟನ್ನು ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ನಡುವಿನ ದಪ್ಪ ತಂತಿಯನ್ನು ಕಿತ್ತು, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ತುದಿಯನ್ನು ಎಂಜಿನ್ನಿನ ಲೋಹದಿಂದ ಆರು ಮಿಲಿಮೀಟರ್ ದೂರವಿಟ್ಟು ಸ್ಟಾರ್ಟರ್ ತಿರುಗಿಸಲು ಹೇಳಿದೆ. ನೀಲಿ ಕಿಡಿ ಚಟಚಟನೆ ಹಾರಬೇಕಿತ್ತು. ಹಾರಿದ್ದು ಸೊರಗಿದ ಹಳದಿ ಎಳೆ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಕರೆಂಟನ್ನು ಕೂಡಿಸಿ ಕಡಿಯುವ ಪಾಯಿಂಟುಗಳನ್ನು ಬೆರಳಿನಿಂದ ಬಿಡಿಸಿದಾಗ ಅಲ್ಲೇ ದೊಡ್ಡ ಕಿಡಿ ಚಿಮ್ಮಿತು. ಪ್ಲಗ್ಗಿಗೆ ಹೋಗಬೇಕಾದ ಶಕ್ತಿ ಪಾಯಿಂಟಿನಲ್ಲೇ ಸುಟ್ಟುಹೋಗುತ್ತಿತ್ತು. ಒಂದು ಪಾಯಿಂಟಿನ ಮುಖದಲ್ಲಿ ಸಣ್ಣ ದಿಬ್ಬ, ಇನ್ನೊಂದರಲ್ಲಿ ಅದಕ್ಕೆ ಸರಿಯಾದ ಗುಳಿ. ಇದು ಕೆಟ್ಟ ಕಂಡೆನ್ಸರಿನ ಕೆಲಸ. ಪಾಯಿಂಟು ಬಿಡುವಾಗ ನುಗ್ಗುವ ಕರೆಂಟನ್ನು ತಾನು ನುಂಗಿಕೊಂಡು, ಕಿಡಿಯ ಕರೆಂಟು ಹುಟ್ಟಿಸುವ ಕಾಯಿಲಿನ ಕಾಂತಶಕ್ತಿ ಥಟ್ಟನೆ ಕುಸಿಯುವಂತೆ ಮಾಡಬೇಕಾದದ್ದು ಅದು. ಬಿಸಿಯಾದಾಗ ಮಾತ್ರ ಕೈಕೊಡುವ ಕಂಡೆನ್ಸರುಗಳನ್ನು ಎಷ್ಟೋ ನೋಡಿದ್ದೇನೆ. ನನ್ನ ಪೆಟ್ಟಿಗೆಯಲ್ಲಿದ್ದ ಒಂದನ್ನು ಹಾಕಿದೆವು. ಬಿಸಿ ಎಂಜಿನ್ ಆಗಲೇ ಹೊರಟಿತು.

ಜೊತೆಗೊಂದು ಅನುಮಾನವಿತ್ತು. ಈ ಗಾಡಿಯದು ಆರು ವೋಲ್ಟಿನ ವ್ಯವಸ್ಥೆ. ಅಷ್ಟೇ ಕೆಲಸಕ್ಕೆ ಹನ್ನೆರಡು ವೋಲ್ಟಿಗಿಂತ ಎರಡರಷ್ಟು ಕರೆಂಟು ಹರಿಯಬೇಕು. ಜೋಡಣೆಯಲ್ಲಿ ಒಂದಿಷ್ಟು ತುಕ್ಕೋ ಬಣ್ಣವೋ ಅಡ್ಡ ಬಂದರೆ ಸ್ಟಾರ್ಟರ್ ನರಳುತ್ತದೆ. ನೋಡಿದರೆ ಬ್ಯಾಟರಿಯ ಅರ್ಥಿಂಗ್ ತಂತಿಯ ಬೋಲ್ಟು ಹೊಸ ಬಣ್ಣದ ಮೇಲೆಯೇ ಕೂತಿತ್ತು! ಲೋಹ ಹೊಳೆಯುವವರೆಗೆ ಕೆರೆದು ಬಿಗಿದೆ.

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ನಲವತ್ತನೆಯ ನಿಮಿಷಕ್ಕೆ ಗಾಡಿ ಮತ್ತೆ ನಿಂತಿತು.

ಈ ಬಾರಿ ಢಬ್ ಇಲ್ಲ, ಉಸಿರು ಕಟ್ಟಿದ ಸಾವು. ಕಿಡಿ ನೋಡಿದೆ, ನೀಲಿಯಾಗಿತ್ತು. ಇಗ್ನಿಷನ್ನಿನ ತಂತಿ ಬಿಚ್ಚಿಟ್ಟು, ಕಾರ್ಬೊರೇಟರಿಗೆ ಬರುವ ಕೊಳವೆಯ ತುದಿಯನ್ನು ಬಾಟಲಿಗೆ ಹಿಡಿದು ಸ್ಟಾರ್ಟರ್ ತಿರುಗಿಸಿದಾಗ ಪೆಟ್ರೋಲು ಎರಡು ಸಲ ಚಿಮ್ಮಿ, ಆಮೇಲೆ ಬರೀ ಹನಿಯಿತು. ಪಂಪು ಹೊಸದು. ಒಡೆಯರು ಅದನ್ನು ಬೈಯಲು ಬಾಯಿ ತೆರೆದಿದ್ದರು. ನಾನು ಚಾಸಿಯ ಪಕ್ಕದ ಪೆಟ್ರೋಲ್ ಟ್ಯಾಂಕಿನ ಬಳಿ ಹೋಗಿ ಮುಚ್ಚಳ ತಿರುಗಿಸಿದೆ. ‘ಸ್ಸ್ಸ್’ ಎಂದು ಗಾಳಿ ಒಳಕ್ಕೆ ನುಗ್ಗಿತು.

ಪೆಟ್ರೋಲು ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಅದಕ್ಕೆಂದು ಮುಚ್ಚಳದಲ್ಲಿ ಒಂದು ಕಿರುರಂಧ್ರವಿತ್ತು. ಅದರ ತುಂಬ ಆಲಿವ್ ಹಸಿರು ಬಣ್ಣ! ಗಾಳಿ ಬರದೆ ಟ್ಯಾಂಕಿನೊಳಗೆ ನಿರ್ವಾತ ಹೆಚ್ಚಿ, ಪಂಪು ಎಳೆದರೂ ಪೆಟ್ರೋಲು ಕದಲುತ್ತಿರಲಿಲ್ಲ. ಗಾಡಿ ಅರ್ಧ ಗಂಟೆ ನಿಂತರೆ ಎಲ್ಲಿಂದಲೋ ಅಷ್ಟಿಷ್ಟು ಗಾಳಿ ನುಸುಳಿ ಸರಿಹೋಗುತ್ತಿತ್ತು, ನೋಡುವವರಿಗೆ ಅದೂ ಬಿಸಿಯ ತೊಂದರೆಯಂತೆಯೇ ಕಾಣುತ್ತಿತ್ತು. ಒಡೆಯರು ಹೊರಡುವಾಗಲೆಲ್ಲ ಟ್ಯಾಂಕನ್ನು ಕಂಠಪೂರ್ತಿ ತುಂಬಿಸುತ್ತಿದ್ದರು. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವೇ ಕಡಿಮೆ, ಹಾಗಾಗಿ ನಿರ್ವಾತವೂ ಬೇಗ. ಅರ್ಧ ಟ್ಯಾಂಕಿನಲ್ಲಿ ಓಡಿಸಿದ್ದರೆ ಇದು ಇಷ್ಟು ಬೇಗ ಗೊತ್ತಾಗುತ್ತಲೇ ಇರಲಿಲ್ಲ.

ಅಮೆರಿಕದ ಸೇನೆ ಆ ಯುದ್ಧದಲ್ಲಿ ವಾಹನಗಳ ನಿರ್ವಹಣೆಯನ್ನು ಐದು ಹಂತಗಳಾಗಿ ವಿಂಗಡಿಸಿತ್ತು. ಮೊದಲ ಹಂತ ಗಾಡಿ ಓಡಿಸುವವನದೇ. ಅದನ್ನು ಹೇಳಿ, ಮುಚ್ಚಳವನ್ನೂ ಒಂದು ಗುಂಡುಸೂಜಿಯನ್ನೂ ಒಡೆಯರ ಕೈಗಿತ್ತೆ. ಕನ್ನಡಕ ಹಣೆಗೇರಿಸಿ, ಆ ಬಣ್ಣವನ್ನು ಅವರೇ ಚುಚ್ಚಿ ತೆಗೆದರು. ಮುಚ್ಚಳವನ್ನು ತುಟಿಗೆ ಹಿಡಿದು ಒಮ್ಮೆ ಊದಿ, ಗಾಳಿ ಆಚೆ ಹೋಯಿತೆಂದು ನನಗೂ ತೋರಿಸಿದರು.

ನಮಸ್ಕಾರ.